ಒಂಟಿ ಮುಖದ ಪುತಳಿ: ಏಳನೆಯ ಕಂತು

“ಆರೂವರಿ ತೊಲಿ. ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಮ್ಮಿ ಇಲ್ಲ.”

ರಾಜಾರಾಮ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆದು, ಎದುರಿಗೆ ಕುಳಿತಿದ್ದ ಪೊಲೀಸ್ ಫೌಜದಾರ ಬಾಳಾಸಾಬರನ್ನು ನೋಡಿ ನಕ್ಕ. ತಕ್ಕಡಿಯ ತಟ್ಟೆಯಲ್ಲಿ ಗೌರಾಬಾಯಿಯ ಪುತಳಿ ಸರ ಸುರುಳಿ ಸುತ್ತಿ ಬಿದ್ದಿತ್ತು. ಇಪ್ಪತ್ತೊಂದು ಬಂಗಾರದ ನಾಣ್ಯ, ಒಂದೊಂದರ ತಲೆಗೂ ಒಂದೊಂದು ಕೊಂಡಿ, ಕೊಂಡಿಗಳೊಳಗೆ ಹಾಯ್ದ ಕೆಂಪು ರೇಷ್ಮೆ ದಾರ.

“ಬಂಗಾರಾನೂ ಖರೇ, ತೂಕಾನೂ ಖರೇ. ಮತ್ತ ಕಳವು ಎಲ್ಲಿ ಆತ್ರಿ ಸಾಹೇಬ್ರ? ಅವಽ ಪುತಳಿ ಇವು. ಬಾಯಾರಿಗೆ ವಯಸ್ಸಾತು, ಕಣ್ಣಿಗೆ ಭ್ರಮಾ ಆಗೇತಿ, ಅಷ್ಟ.”

ಇಂಥ ಮಾತಿಗೇ ಕಾದಿದ್ದವರಂತೆ ಬಾಳಾಸಾಬರು ಉಸಿರು ಬಿಟ್ಟರು. ಪಾಪ, ಅವರದೇನು ತಪ್ಪು? ‘ನನ್ನ ಸರದಾನ ಪುತಳಿ ಬದಲಾಗ್ಯಾವ’ ಎಂದು ಉಗಾರ ಬುದ್ರುಕದ ಗೌರಾಬಾಯಿ ಫಿರ್ಯಾದಿ ಕೊಟ್ಟು ತಿಂಗಳಾಗಿತ್ತು. ತೂಕ ಕಡಿಮೆಯಾಗದ ಕಳವನ್ನು ಯಾವ ಕಲಮಿನ ಕೆಳಗೆ ಬರೆಯಬೇಕೆಂದು ಅವರ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಯಾರೂ ಕಲಿಸಿರಲಿಲ್ಲ.

ಹಳೆಯ ನಾಣ್ಯ ಬಲ್ಲವನು ನಿಪ್ಪಾಣಿಯ ಈ ಅಂಗಡಿಯ ರಾಜಾರಾಮ ಒಬ್ಬನೇ ಎಂದು ಹೇಳಿದವನು ಬಾಬಾಸಾಹೇಬ, ಗೌರಾಬಾಯಿಯ ಮೈದುನನ ಮಗ. ಕಾಗವಾಡದಲ್ಲಿ ಅವನಿಗೆ ದ್ರಾಕ್ಷಿ ತೋಟ. ಬೇಸಿಗೆ ಬಂತೆಂದರೆ ತನ್ನ ಪೆಟ್ಟಿಗೆಗಳು ಮುಂಬೈಯಲ್ಲಿ ಹಡಗು ಹತ್ತಿ ದುಬೈಗೆ ಹೋಗುತ್ತವೆ ಎಂದು ಸಿಕ್ಕವರಿಗೆಲ್ಲ ಹೇಳುವ ಚಟ. ಇವತ್ತು ಎಲ್ಲರನ್ನೂ ತನ್ನ ಜೀಪಿನಲ್ಲಿ ಕರೆತಂದವನೂ ಅವನೇ. ಈಗ ಬಾಗಿಲಿಗೆ ಒರಗಿ ನಿಂತು, ಜೀಪಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರನೆ ತಿರುಗಿಸುತ್ತಿದ್ದ.

ಫೌಜದಾರರು ಬರೆದಿಟ್ಟ ಕಾಗದವನ್ನು ಮೇಜಿನ ಆ ಬದಿಗೆ ತಳ್ಳಿದರು.

“ತಾರವ್ವ, ಇಲ್ಲೊಂದು ಸಹಿ ಮಾಡು. ಪುತಳಿ ಬದಲಾಗಿಲ್ಲ, ನಿಂದೇನೂ ತಪ್ಪಿಲ್ಲ ಅಂತ ಬರದೇನಿ. ನಾಕರ ಬಸ್ಸಿಗೆ ಅಥಣಿ ಮುಟ್ಟು.”

ಮೇಜಿನ ಆ ಬದಿಗೆ ನಿಂತಿದ್ದ ತಾರವ್ವ ಕಾಗದವನ್ನು ನೋಡಿದಳು. ಪೆನ್ನನ್ನು ನೋಡಿದಳು. ಮುಟ್ಟಲಿಲ್ಲ.

“ನಾ ಸಹಿ ಮಾಡಂಗಿಲ್ರಿ.”

“ಯಾಕ?”

“ಪುತಳಿ ಬದಲಾಗಿಲ್ಲ ಅಂತ ಬರದೀರಿ. ಪುತಳಿ ಬದಲಾಗ್ಯಾವ.”

ಬಾಳಾಸಾಬರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ಅಲ್ಲಬೇ, ನಿನ್ನ ಬಿಟ್ಟೆ ಅಂತ ಹೇಳಾಕತ್ತೇನಿ. ಹಗ್ಗ ಬಿಚ್ಚಿದ್ರೂ ಗೂಟ ಬಿಡದ ಎಮ್ಮಿ ಹಂಗ ಮಾಡ್ತೀಯಲ್ಲ!”

“ನೀವು ಬಿಟ್ರಿ ಸಾಹೇಬ್ರ. ಊರು ಬಿಡ್ತೈತೇನು?”

ಈ ತಾರವ್ವ ಅಥಣಿಯಲ್ಲಿ ಸರ ಪೋಣಿಸುವಾಕೆ. ದಸರೆಗೆ ಗೌರಾಬಾಯಿಯ ಸರ ಪೋಣಿಸಿ ಕೊಟ್ಟವಳೂ ಅವಳೇ, ಕಳವಿನ ಗುಮಾನಿ ಬಿದ್ದದ್ದೂ ಅವಳ ಮೇಲೇ. ರೇಷ್ಮೆ ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಕುಳಿತಳೆಂದರೆ, ಜುಗೂಳದಿಂದ ರಾಯಬಾಗದವರೆಗಿನ ಹೆಣ್ಣುಮಕ್ಕಳ ಬೋರಮಾಳ, ಪುತಳಿ, ಗುಂಡಿನ ಸರ ಎಲ್ಲ ಅವಳ ತೊಡೆಯ ಮೇಲೆ ಬಂದು ಬೀಳುತ್ತಿದ್ದವು. ಚೀಟಿ ಇಲ್ಲ, ಸಾಕ್ಷಿ ಇಲ್ಲ. ‘ತಾರವ್ವನ ಕೈಗೆ ಕೊಟ್ಟೇವಿ’ ಎಂದರೆ ಮುಗಿಯಿತು. ಅವಳ ಅವ್ವನ ಕಾಲದಿಂದಲೂ ಹಾಗೇ ನಡೆದಿತ್ತು.

ಈ ಒಂದು ತಿಂಗಳಲ್ಲಿ ಅವಳ ಕಟ್ಟೆ ಹತ್ತಿದವರು ಮೂರೇ ಮಂದಿ. ಅವರಲ್ಲಿ ಒಬ್ಬಾಕೆ ಸರ ಮುಗಿಯುವವರೆಗೂ ಎದುರಿಗೇ ಕುಳಿತಿದ್ದು, ಎದ್ದು ಹೋಗುವಾಗ ಗುಂಡುಗಳನ್ನು ಎರಡೆರಡು ಸಲ ಎಣಿಸಿಕೊಂಡಳು. ತಾರವ್ವ ಅವತ್ತು ಊಟ ಮಾಡಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ಇಲ್ಲಿ ಹೋದದ್ದು ಬಂಗಾರಕ್ಕೆ!

“ತೂಕ ಸರಿ ಇದ್ದದ್ದಕ್ಕ ಬಿಟ್ರು ಅಂತಾರ, ಕಳ್ಳಿ ಅಲ್ಲ ಅಂತ ಯಾರೂ ಅನ್ನಂಗಿಲ್ಲ,” ಎಂದಳು ತಾರವ್ವ. “ಕದ್ದವನ ಹೆಸರು ಹೊರಗ ಬಂದ ಮ್ಯಾಲೇನ ನನ್ನ ಹೆಸರು ತಿರುಗಿ ಬರ್ತೈತಿ. ಅಲ್ಲೀಮಟ ನಾ ಈ ಅಂಗಡಿ ಬಿಟ್ಟು ಏಳಂಗಿಲ್ಲ.”

ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ ಗೌರಾಬಾಯಿ ಕೈಕೋಲನ್ನು ನೆಲಕ್ಕೆ ಬಡಿದಳು. “ಭಲೇ ತಾರಿ! ನನಗ ಭ್ರಮಾ ಅಂತ, ಭ್ರಮಾ! ಹೇಳ ಇವರಿಗೆ.”

ಐವತ್ತೆಂಟರ ಗೌರಾಬಾಯಿ ಈಗಲೂ ಕಬ್ಬಿನ ಗದ್ದೆಗೆ ತಾನೇ ಹೋಗಿ ನೀರು ತಿರುವಿಸುವ ಹೆಣ್ಣು. ತಿಜೋರಿಯ ಕೀಲಿ ಅವಳ ಸೊಂಟದಲ್ಲಿ. ಕಳವು ಗೊತ್ತಾದ ದಿನ ಬಾಬಾಸಾಹೇಬ ‘ಪೋಣಿಸಿದಾಕೀನ ಕದ್ದಾಳ’ ಎಂದಿದ್ದನೇ ಹೊರತು ಗೌರಾಬಾಯಿಯ ಬಾಯಿಂದ ತಾರವ್ವನ ಹೆಸರು ಬಂದಿರಲಿಲ್ಲ. ಆ ಒಂದು ಉಪಕಾರಕ್ಕೇ ತಾರವ್ವ ಅವಳಿಗಾಗಿ ಏನು ಬೇಕಾದರೂ ಮಾಡುವ ಹುರುಪಿನಲ್ಲಿದ್ದಳು.

ಕೆಳಗಿನ ಗೋದಾಮಿನಿಂದ ತಂಬಾಕಿನ ಘಾಟು ಮೇಲೆ ಬರುತ್ತಿತ್ತು. ಫೌಜದಾರರು ಒಂದು ಸೀನು ಸೀನಿ, ಕರವಸ್ತ್ರ ತೆಗೆದವರು, ಮೂಗು ಒರೆಸಿಕೊಂಡ ಮೇಲೆ ಕೈ ಸುಮ್ಮನಿರದೆ ಮೇಜಿನ ಮೇಲಿದ್ದ ಒಂದು ಕಪ್ಪಾದ ಬೆಳ್ಳಿ ನಾಣ್ಯವನ್ನು ಅದೇ ಕರವಸ್ತ್ರದಿಂದ ತಿಕ್ಕತೊಡಗಿದರು.

“ಹಾಂ ಹಾಂ! ಸಾಹೇಬ್ರ!” ರಾಜಾರಾಮ ಹೌಹಾರಿ ಅವರ ಕೈ ಹಿಡಿದ. “ತಿಕ್ಕಬ್ಯಾಡ್ರಿ, ಕೈ ಮುಗೀತೇನಿ. ತಿಕ್ಕಿದ ನಾಣ್ಯಾನ ಪರದೇಶದ ಶೋಕಿ ಮಂದಿ ಮುಟ್ಟಂಗಿಲ್ಲ. ಅವರಿಗೆ ಹುಣಸಿಹಣ್ಣು ಹಚ್ಚಬಾರದು, ರಂಗೋಲಿ ಪುಡಿ ಹಚ್ಚಬಾರದು, ಅಚ್ಚಿಗಂತೂ ಒತ್ತಲೇಬಾರದು. ನಾಣ್ಯ ಹೆಂಗಿತ್ತೋ ಹಂಗಽ ಬೇಕು. ಒಂದು ಗೀರು ಎದ್ದರ ಅರ್ಧ ಕಿಮ್ಮತ್ತು ಹೋತು.”

ತಾರವ್ವ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ವಿಚಾರ ಮಾಡುವಾಗ ಎಂದಿನಂತೆ ಅವಳ ಕೈ ಕೊರಳಿಗೆ ಹೋಯಿತು. ಕರಿಮಣಿಯ ಪಕ್ಕದಲ್ಲಿ ಅವಳ ಅವ್ವ ಬಿಟ್ಟುಹೋದ ಒಂದೇ ಒಂದು ಪುತಳಿ ತೂಗುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಸವರುತ್ತ ನಿಂತಳು.

“ಶೇಠ್ರ, ಪುತಳಿಗೆ ಎಷ್ಟು ಮುಖ?”

“ಇದೇನು ಪ್ರಶ್ನೆ? ಎರಡು.”

“ಎರಡೂ ಹೆಂಗದಾವ ಅಂತ ಹೇಳ್ರಿ ಸಾಹೇಬರಿಗೆ.”

ತನ್ನ ವಿದ್ಯೆ ತೋರಿಸುವ ಅವಕಾಶ ಸಿಕ್ಕರೆ ರಾಜಾರಾಮ ಬಿಡುವವನಲ್ಲ. “ಇವು ವೆನಿಸ್ ಅಂತ ಒಂದು ಊರಿನ ನಾಣ್ಯ. ಇಟಲಿ ದೇಶದ್ದು. ಸಮುದ್ರದ ಮ್ಯಾಲೆ ಬಂದು ನಮ್ಮ ಕಡೆ ಮೆಣಸು, ಅರಿವಿ ಕೊಂಡು, ಇವನ್ನ ಕೊಟ್ಟು ಹೋದ್ರು. ಒಂದು ಕಡೆ ಇಬ್ರು ಅದಾರ, ಒಬ್ಬ ನಿಂತಾನ, ಒಬ್ಬ ಮಂಡಿ ಊರ್ಯಾನ, ನಡುವ ಒಂದು ಕೋಲು. ಇನ್ನೊಂದು ಕಡೆ ಒಬ್ಬನಽ ನಿಂತಾನ, ಸುತ್ತ ಚುಕ್ಕಿ. ನಮ್ಮ ಹೆಣ್ಮಕ್ಕಳು ಇಬ್ರು ಇದ್ದದ್ದಕ್ಕ ಜೋಡಿ ಅಂತಾರ, ಗಂಡ ಹೆಂಡ್ತಿ ಅಂತಾರ.”

“ಹೌದಲ್ರಿ? ಹಂಗಾದ್ರ ಸರದಾಗ ಜೋಡಿ ಮುಖ ಯಾವ ಕಡೆ ಬರಬೇಕು?”

“ಮುಂದ. ಇದು ಸಣ್ಣ ಹುಡುಗರಿಗೂ ಗೊತ್ತೈತಿ. ಒಂಟಿ ಮುಖ ಎದೀ ಕಡೆ ಇರ್ತೈತಿ, ಸೀರಿಗೆ ತಿಕ್ಕಿ ತಿಕ್ಕಿ ಸವೀತೈತಿ.”

“ನೋಡ್ರಿ, ನೀವಽ ಹೇಳಿದ್ರಿ,” ಎಂದು ತಾರವ್ವ ಫೌಜದಾರರ ಕಡೆ ತಿರುಗಿದಳು. “ಗೌರವ್ವಾರ ಸರದಾಗ ಅದು ಉಲ್ಟಾ, ಸಾಹೇಬ್ರ.”

ರಾಜಾರಾಮನ ನಗು ಅರ್ಧಕ್ಕೆ ನಿಂತಿತು.

ತಾರವ್ವ ಹೇಳಿದಳು. ನಲವತ್ತೊಂಬತ್ತನೆಯ ಇಸವಿಯಲ್ಲಿ ಗಂಡ ತೀರಿಕೊಂಡಾಗ ಗೌರಾಬಾಯಿಗೆ ಇಪ್ಪತ್ತು ವರ್ಷ. ತಾಳಿ ತೆಗೆದರು, ಬಳೆ ಒಡೆದರು. ಪುತಳಿ ಸರಕ್ಕೆ ಕೈ ಹಾಕಲು ಬಂದಾಗ ಅವಳು ಆ ಕೈ ಹಿಡಿದುಕೊಂಡಳು. ಇದು ನನ್ನ ತವರಿನದು, ಮದುವೆಗೆಂದು ಅಪ್ಪ ಹೊಸದಾಗಿ ಮಾಡಿಸಿದ್ದು, ಸತ್ತವರಿಗೂ ಇದಕ್ಕೂ ಸಂಬಂಧವಿಲ್ಲ ಎಂದಳು. ಊರು ಸುಮ್ಮನಿದ್ದೀತೇ? ಗಂಡ ಸತ್ತಾಕಿ ಎದೆಯ ಮೇಲೆ ಜೋಡಿ ಹಾಕಿಕೊಂಡು ಅಡ್ಡಾಡುತ್ತಾಳೆ ಎಂದು ಬಾವಿ ಕಟ್ಟೆಯ ಮೇಲೆ ಮಾತಾಯಿತು.

“ಅವತ್ತು ಗೌರವ್ವಾರು ಅಥಣಿಗೆ ಬಂದು ನಮ್ಮವ್ವನ ಮುಂದ ಸರ ಬಿಸಾಕಿದ್ರು. ಜೋಡಿ ನೋಡಿದ್ರ ಊರಿಗೆ ತ್ರಾಸ ಆಗತೈತಂತ, ಊರಿಗೆ ಒಂಟಿ ತೋರ್ಸು, ಜೋಡಿ ನನ್ನ ಎದೀಗಿ ಇರಲಿ ಅಂದ್ರು. ನಮ್ಮವ್ವ ಇಪ್ಪತ್ತೊಂದೂ ಪುತಳಿ ತಿರುವಿ ಪೋಣಿಸಿದಳು. ನಾ ಏಳು ವರ್ಷದಾಕಿ, ದಾರದ ತುದಿ ಹಿಡಕೊಂಡು ಕುಂತಿದ್ದೆ.”

ಗೌರಾಬಾಯಿ ಗದ್ದ ಎತ್ತಿ ಗೋಡೆ ನೋಡುತ್ತಿದ್ದಳು. ಎಂಥ ಹೆಂಗಸು! ಆ ದಿನದಿಂದ ತಾರವ್ವನ ಪಾಲಿಗೆ ಧೈರ್ಯ ಎಂದರೆ ಗೌರಾಬಾಯಿಯೇ. ಅತ್ತೆಯ ಜತೆ ಜಗಳ ಬಂದಾಗ, ಗಂಡ ಕೆಲಸ ಬಿಡು ಎಂದಾಗ, ಅವಳು ನೆನೆದದ್ದು ಈ ಗದ್ದವನ್ನೇ.

“ಮೂವತ್ತೆಂಟು ವರ್ಷ ಜೋಡಿ ಮುಖ ಸೀರಿಗೆ ತಿಕ್ಕೇತಿ. ಅವರ ಪುತಳಿಯೊಳಗ ಜೋಡಿ ಸವದಿತ್ತು, ಒಂಟಿ ಹೊಸಾದಿತ್ತು. ಇದು ಗೌರವ್ವಾರಿಗೆ ಗೊತ್ತು, ನಮ್ಮವ್ವಗ ಗೊತ್ತಿತ್ತು, ನನಗ ಗೊತ್ತು. ಸೆರಗಿನ ಒಳಗಿನ ಮಾತು, ಮತ್ತ್ಯಾರು ನೋಡ್ತಾರ?”

“ಹೌದು. ಮುಂದ?” ಎಂದರು ಫೌಜದಾರರು.

“ನಾ ಕಣ್ಣಿಲೆ ಪೋಣಸಂಗಿಲ್ರಿ, ಬೆರಳಿಲೆ ಪೋಣಸ್ತೇನಿ. ನುಣ್ಣನ ಮುಖ ಎದೀ ಕಡೆ, ಯಾರ ಸರ ಆದ್ರೂ ಇದಽ ಲೆಕ್ಕ. ದಾರ ಹರದ ಈ ಸರ ದಸರಾಕ್ಕ ಡಬ್ಬ್ಯಾಗ ನನ್ನ ಕಡೆ ಬಂತು. ಬನ್ನಿ ಮುಡಿಯೋ ಗದ್ದಲ, ಹದಿನಾಕು ಸರ ಸಾಲಿನ್ಯಾಗ ಇದ್ದುವು. ನುಣ್ಣಂದು ಒಳಗ, ಒರಟಂದು ಹೊರಗ ಅಂತ ಸರಸರ ಪೋಣಿಸಿ ಕೊಟ್ಟೆ. ಗೌರವ್ವಾರು ಕನ್ನಡಿ ಮುಂದ ನಿಂತು ನೋಡಿದ್ರ ಎದೀ ಮ್ಯಾಲೆ ಜೋಡಿ!”

ಬಾಳಾಸಾಬರು ಸರವನ್ನು ಕೈಗೆತ್ತಿಕೊಂಡರು. ನಿಜ. ಜೋಡಿ ಮುಂದಿತ್ತು. ಹಿಂದೆ ತಿರುವಿದರೆ ಒಂಟಿ ಮನುಷ್ಯನ ಮೂಗು ಕಣ್ಣು ಎಲ್ಲ ಸವೆದು ನುಣ್ಣಗಾಗಿತ್ತು.

“ನಾನಽ ಬದಲಿಸಿದ್ರ ಈ ತಪ್ಪು ಮಾಡ್ತಿದ್ನೇನ್ರಿ? ಗೊತ್ತಿದ್ದಾಕಿ ಒಂಟಿ ಮುಖ ಮುಂದ ಮಾಡಿ ಕೊಡ್ತಿದ್ದೆ, ಯಾರಿಗೂ ಸಂಶೇ ಬರ್ತಿರಲಿಲ್ಲ. ಬದಲಿಸಿದವನಿಗೆ ಗೌರವ್ವಾರ ಗುಟ್ಟು ಗೊತ್ತಿರಲಿಲ್ಲ. ಎಲ್ಲಾರ ಪುತಳಿ ಹಂಗ ಇದೂ ಅಂತ ತಿಳದು, ಒಂಟಿ ಸವದ ಪುತಳಿ ಮಾಡ್ಯಾನ.”

ಫೌಜದಾರರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ಹೊತ್ತು ಮುದುಕಿಯ ಗೊಣಗಾಟವಾಗಿದ್ದದ್ದು ಈಗ ಕೇಸಾಗಿತ್ತು.

ತಾರವ್ವ ಮಾತ್ರ ಬೇರೆಯದನ್ನು ನೋಡಿದ್ದಳು. ‘ಜೋಡಿ ಸವದಿತ್ತು’ ಎಂದು ತಾನು ಹೇಳಿದ ಕ್ಷಣದಲ್ಲಿ ರಾಜಾರಾಮನ ಎಡಗೈ ಮೆಲ್ಲಗೆ ಮೇಜಿನ ಕೆಳಗೆ ಹೋಗಿ, ಅರ್ಧ ತೆರೆದಿದ್ದ ಡ್ರಾವರನ್ನು ಒಳಗೆ ತಳ್ಳಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ.

ಅವಳು ಸೆರಗಿನ ಗಂಟು ಬಿಚ್ಚಿ, ಬೆಂಕಿಪೆಟ್ಟಿಗೆಯಷ್ಟಿದ್ದ ಒಂದು ಚೌಕ ರಟ್ಟನ್ನು ಮೇಜಿನ ಮೇಲಿಟ್ಟಳು. ರಟ್ಟಿನ ನಡುವೆ ದುಂಡಗಿನ ಕಿಂಡಿ, ಕಿಂಡಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ.

“ದಸರಾದಾಗ ಸರ ಬಂತಲ್ಲ, ಆ ಡಬ್ಬಿಯ ಹತ್ತಿ ಕೆಳಗ ಇದು ಸಿಕ್ಕಿತು. ಏನಂತ ತಿಳೀದಽ ಇಟ್ಕೊಂಡಿದ್ದೆ. ಇವತ್ತು ನಿಮ್ಮ ಗಾಜಿನ ಕಪಾಟಿನ್ಯಾಗ ನೋಡಿದ್ರ ನೂರು ಅದಾವ.”

“ನಾಣ್ಯ ಇಡೂ ರಟ್ಟು ಅದು. ಮುಂಬೈದಾಗ ಯಾರಿಗೆ ಬೇಕಾದ್ರೂ ಸಿಗ್ತಾವ,” ಎಂದ ರಾಜಾರಾಮ. ದನಿ ಮಾತ್ರ ಸ್ವಲ್ಪ ಮೇಲೇರಿತ್ತು.

“ಸಿಗಲಿ ಬಿಡ್ರಿ. ಸಾಹೇಬ್ರ, ಆ ಡ್ರಾವರ್ ತೆಗಸ್ರಿ.”

“ಏ, ಯಾರ ಅಂಗಡ್ಯಾಗ ನಿಂತು ಮಾತಾಡಾಕತ್ತಿ? ದಾರ ಹೊಸಿಯೋಳು ನೀನು! ನನಗ ಲಂಡನ್ನಿಂದ ಪತ್ರ ಬರ್ತಾವ, ಜರ್ಮನಿಯಿಂದ ಪತ್ರ ಬರ್ತಾವ...”

“ಅದನ್ನಽ ತೋರಸ್ರಿ ಅಂದೆ. ಪತ್ರ ಬರೋದು ಮರ್ಯಾದಿ ಆದ್ರ ಮುಚ್ಚೋದ್ಯಾಕ?”

ಫೌಜದಾರರೇ ಎದ್ದು ಡ್ರಾವರ್ ಎಳೆದರು. ಒಳಗೆ ದಪ್ಪನೆಯ ನುಣುಪು ಹಾಳೆಯ ಒಂದು ಪುಸ್ತಕವಿತ್ತು. ಮೇಲೆ ರಾಣಿಯ ತಲೆಯ ಅಂಚೆಚೀಟಿ ಅಂಟಿಸಿದ ಲಕೋಟೆ. ಪುಸ್ತಕದ ತುಂಬ ನಾಣ್ಯಗಳ ಚಿತ್ರ. ತಾರವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಪುತಳಿ ಓದಲು ಇಂಗ್ಲಿಷ್ ಏಕೆ ಬೇಕು? ಹಾಳೆ ತಿರುವುತ್ತ ತಿರುವುತ್ತ ಒಂದು ಕಡೆ ಅವಳ ಬೆರಳು ನಿಂತಿತು.

“ಇಕಾ ಇಲ್ಲಿ.”

ಚಿತ್ರದಲ್ಲಿ ಎರಡು ಸಾಲು. ಮೇಲಿನ ಸಾಲಿನಲ್ಲಿ ಚುಕ್ಕಿಗಳ ನಡುವಿನ ಒಂಟಿ ಮನುಷ್ಯ, ನಿನ್ನೆ ಟಂಕಸಾಲೆಯಿಂದ ಬಂದವನಂತೆ ಕಣ್ಣು ಮೂಗು ಸಮೇತ. ಕೆಳಗಿನ ಸಾಲಿನಲ್ಲಿ ಜೋಡಿ, ಮುಖವೇ ಇಲ್ಲದ ಎರಡು ನುಣ್ಣನೆಯ ಆಕೃತಿ. ಪಕ್ಕದಲ್ಲಿ ಪೆನ್ಸಿಲಿನ ಗೀಟಿನ ಗುರುತು.

ಬಾಳಾಸಾಬರು ಕನ್ನಡಕ ಏರಿಸಿ, ಇಂಗ್ಲಿಷನ್ನು ತಡವರಿಸಿ ಓದಿ ಹೇಳಿದರು. “ವೆನಿಸ್. ಬಂಗಾರ. ಇಪ್ಪತ್ತೊಂದು ನಾಣ್ಯ. ಒಂದು ಮುಖ ಹೊಸಾದರಂಗ ಐತಿ, ಜೋಡಿ ಇರೋ ಮುಖ ಭಾಳ ಸವದೈತಿ. ಮ್ಯಾಲೆ ಕೊಂಡಿ ತೆಗದ ಗುರುತು ಅದಾವ. ಇದು ಹರಾಜಿನ ಪುಸ್ತಕ. ಲಂಡನ್ನಿನ್ಯಾಗ ಲಿಲಾವು, ಡಿಸೆಂಬರ್ ಒಂಬತ್ತು.”

“ಅಯ್ಯ ನನ್ನ ಶಿವನೇ!” ಗೌರಾಬಾಯಿ ಎದ್ದು ನಿಂತುಬಿಟ್ಟಳು. “ಇವು ನನ್ನವು! ನನ್ನ ಪುತಳಿ ಸಮುದ್ರ ದಾಟಿ ಹೋಗ್ಯಾವೇನು? ಎಲ್ಲಾನೂ?”

“ಹೋಗ್ಯಾವ ಅವ್ವಾರ, ಆದ್ರ ಇನ್ನೂ ಮಾರಿಲ್ಲ,” ಎಂದಳು ತಾರವ್ವ. “ ತಿಂಗಳ ಮ್ಯಾಲ ಟೈಮ್ ಐತಿ. ನೂರು ವರ್ಷ ದಾಟಿದ ನಾಣ್ಯ ಸರ್ಕಾರದ ಪರವಾನಗಿ ಇಲ್ಲದಽ ದೇಶ ದಾಟಬಾರದು. ಹೌದಿಲ್ರಿ ಸಾಹೇಬ್ರ?”

“ಹೌದು,” ಎಂದರು ಫೌಜದಾರರು. ಪುಸ್ತಕದ ಮೊದಲ ಹಾಳೆಗೆ ಹೋಗಿ ಮತ್ತೆ ಓದಿದರು. “ಇದು ಅಚ್ಚಾಗಿದ್ದು ಸೆಪ್ಟೆಂಬರದಾಗ. ದಸರಾ ಬಂದದ್ದು ಅಕ್ಟೋಬರಕ್ಕ. ತಾರವ್ವ, ನಿನ್ನ ಕೈಗೆ ಸರ ಬರೂಕಿಂತ ಮೊದಲಽ ಪುತಳಿ ಲಂಡನ್ನಿನ್ಯಾಗಿದ್ದುವು.”

ಒಂದು ತಿಂಗಳಿಂದ ಎದೆಯ ಮೇಲೆ ಕುಳಿತಿದ್ದ ಬೀಸುಗಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಅವಳಿಗೆ ಅಳು ಬಂತು, ನುಂಗಿಕೊಂಡಳು. ಈ ರಾಜಾರಾಮನ ಮುಂದೆ ಅಳುವುದೇ? ಸಾಧ್ಯವಿಲ್ಲ.

ರಾಜಾರಾಮ ಬೆವರು ಒರೆಸಿಕೊಂಡ. “ಸಾಹೇಬ್ರ, ಆ ಪುಸ್ತಕ ನೂರು ಮಂದಿಗೆ ಬರ್ತೈತಿ. ಲಂಡನ್ನಿಗೆ ಕಳಿಸಿದವ ನಾನಂತ ಎಲ್ಲಿ ಬರದೈತಿ? ಬದಲಾಗ್ಯಾವ ಅಂತಽ ಇಟ್ಕೊಳ್ರಿ. ಈ ಹೊಸಾ ಪುತಳಿ ಎರಕ ಹೊಯ್ಯಾಕ ಒಂದು ಹಳೇ ಪುತಳಿ ಬೇಕು, ಅಚ್ಚಿಗೆ ಒತ್ತಾಕ. ಅದು ಯಾರದು? ಅದನ್ನ ಹುಡಕ್ರಿ. ಅದನ್ನ ಕೊಟ್ಟವನಽ ಕಳ್ಳ.”

ಮಾತಿನಲ್ಲಿ ಸುಳ್ಳಿರಲಿಲ್ಲ. ಗೌರಾಬಾಯಿಯ ಪುತಳಿಯನ್ನು ಅಚ್ಚಿಗೆ ಒತ್ತುವಂತಿರಲಿಲ್ಲ. ಒತ್ತಿದರೆ ಪರದೇಶದವರು ಮುಟ್ಟುವುದಿಲ್ಲ ಎಂದು ಅವನೇ ಹೇಳಿದ್ದನಲ್ಲ! ಅದಕ್ಕೇ ಬೇರೆ ಯಾವುದೋ ಪುತಳಿ ತಂದು ಒತ್ತಿದ್ದಾರೆ. ಎಲ್ಲರ ಪುತಳಿಯಂತೆ ಒಂಟಿ ಮುಖ ಸವೆದದ್ದು.

“ಒಂದ ಪುತಳಿ, ಒಂದ ಅಚ್ಚು,” ಎನ್ನುತ್ತ ತಾರವ್ವ ಸರ ತೆಗೆದುಕೊಂಡಳು. “ಆ ಪುತಳಿಗೆ ಎಲ್ಲಿ ಪೆಟ್ಟು ಬಿದ್ದಿತ್ತೋ, ಈ ಇಪ್ಪತ್ತೊಂದಕ್ಕೂ ಅಲ್ಲೇ ಪೆಟ್ಟು ಇರಬೇಕು. ತಡೀರಿ.”

ಕಣ್ಣು ಮುಚ್ಚಿ ಒಂಟಿ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು. ಮೊದಲನೆಯ ಪುತಳಿ, ಎರಡನೆಯದು, ಮೂರನೆಯದು. ನಿಂತ ಮನುಷ್ಯನ ಪಾದದ ಕೆಳಗೆ, ಸ್ವಲ್ಪ ಎಡಕ್ಕೆ, ಅಕ್ಕಿಕಾಳಿನ ಅರ್ಧದಷ್ಟು ಒಂದು ತಗ್ಗು. ನಾಲ್ಕರಲ್ಲೂ ಇತ್ತು. ಐದರಲ್ಲೂ ಇತ್ತು.

ಆರನೆಯದಕ್ಕೆ ಅವಳ ಬೆರಳು ನಿಂತಿತು.

ಈ ತಗ್ಗು ಅವಳ ಬೆರಳಿಗೆ ಹೊಸದಲ್ಲ. ದಸರೆಯ ಗದ್ದಲದಲ್ಲಿ ತಿಳಿಯದೆ ಹೋಗಿತ್ತು. ಎರಕದಲ್ಲಿ ತುಸು ಮಾಸಿದೆ, ಅಷ್ಟೇ. ಇದೇ ತಗ್ಗನ್ನು ಅವಳು ಹತ್ತು ನಿಮಿಷದ ಹಿಂದೆ ಸವರಿದ್ದಳು. ನಿನ್ನೆ ಸವರಿದ್ದಳು. ಅವ್ವ ಸತ್ತ ದಿನದಿಂದ ಹಗಲೂ ಇರುಳೂ ಸವರುತ್ತಲೇ ಬಂದಿದ್ದಳು. ಕೊರಳಲ್ಲಿದ್ದ ಆ ಒಂದು ಪುತಳಿ ಥಟ್ಟನೆ ಕೆಂಡದಂತೆ ಸುಟ್ಟಿತು.

“ಸಿಕ್ಕಿತೇನ?” ಎಂದರು ಫೌಜದಾರರು.

ಯಾರೂ ನೋಡಿರಲಿಲ್ಲ. ಇಲ್ಲ ಎಂದುಬಿಟ್ಟರೆ ಮುಗಿಯಿತು. ಸೆಪ್ಟೆಂಬರಿನ ಪುಸ್ತಕ ಅವಳನ್ನು ಬಿಡಿಸಿದೆ, ನಾಲ್ಕರ ಬಸ್ಸು ಹಿಡಿಯಬಹುದು. ಕುಡಚಿಯ ಹೊಳೆ ದಾಟುವಾಗ ಕಿಟಕಿಯಿಂದ ಪುತಳಿ ಹಿಡಿದ ಕೈ ಹೊರಗೆ ಚಾಚಿ ಬೆರಳು ಬಿಟ್ಟರೆ ಕೃಷ್ಣೆ ಯಾರಿಗೂ ಹೇಳುವುದಿಲ್ಲ. ಒಂದು ಗಳಿಗೆ ಅವಳ ಮನಸ್ಸು ಅಲ್ಲಿಗೂ ಹೋಗಿ ಬಂತು, ಸುಳ್ಳೇಕೆ ಹೇಳಬೇಕು?

ಆದರೆ ಮುಚ್ಚಿಟ್ಟ ಮೇಲೆ ತನಗೂ ಈ ಡ್ರಾವರಿನವನಿಗೂ ಏನು ಫರಕು? ಮೂವತ್ತೆಂಟು ವರ್ಷ ಊರಿಗೆ ಅಂಜದ ಗೌರಾಬಾಯಿ ಎದುರಿಗೇ ನಿಂತಿದ್ದಾಳೆ. ಅವಳ ಮುಂದೆ ತಾರವ್ವ ಅಂಜುವುದೇ?

ಅವಳು ಕೊರಳಿಗೆ ಕೈ ಹಾಕಿ, ದಾರದ ಗಂಟು ಬಿಚ್ಚಿ, ಅವ್ವನ ಪುತಳಿಯನ್ನು ಮೇಜಿನ ನಡುವೆ ಟಪ್ಪನೆ ಇಟ್ಟಳು.

“ಸಿಕ್ಕಿತ್ರಿ. ಅಚ್ಚು ಒತ್ತಿದ್ದು ಈ ಪುತಳೀಲೆ. ಭೂತಗನ್ನಡಿ ತಗೊಂಡು ನೋಡ್ರಿ. ಕಾಲಿನ ಕೆಳಗ, ಎಡಕ್ಕ.”

ಬಾಳಾಸಾಬರು ನೋಡಿದರು. ಸರದ ಒಂದೊಂದು ಪುತಳಿಯನ್ನೂ ಪಕ್ಕಕ್ಕೆ ಹಿಡಿದು ನೋಡಿದರು. ತಲೆ ಎತ್ತಿದಾಗ ಅವರ ಮುಖದಲ್ಲಿದ್ದ ಕನಿಕರ ಹೋಗಿತ್ತು.

“ಇದು ಯಾರದು?”

“ನಂದು. ನಮ್ಮವ್ವಂದು.”

ರಾಜಾರಾಮ ಗಹಗಹಿಸಿ ನಕ್ಕ. “ನೋಡ್ರಿ ಸಾಹೇಬ್ರ! ನಾ ಹೇಳಲಿಲ್ಲೇನು? ಕಳ್ಳಿ ತಾನಽ ಮಾಲು ತಂದು ಮೇಜಿನ ಮ್ಯಾಲ ಇಟ್ಟಾಳ.”

“ನಗಬ್ಯಾಡ್ರಿ ಶೇಠ್ರ, ನಿಮ್ಮ ಸರದಿ ಇನ್ನೂ ಮುಗಿದಿಲ್ಲ.” ತಾರವ್ವ ಫೌಜದಾರರ ಕಡೆ ತಿರುಗಿದಳು. “ಸಾಹೇಬ್ರ, ಈ ಪುತಳಿ ನನ್ನ ಕೊರಳು ಬಿಟ್ಟದ್ದು ಒಂದಽ ಸಲ. ಹೋದ ಶಿವರಾತ್ರಿಗೆ, ಎಂಟು ದಿನ. ಬಾಬಾಸಾಹೇಬನ ಹೆಂಡತಿ ಕುಬಸ ಇತ್ತು. ಬಸುರಿ ಉಡ್ಯಾಗ ಮುತ್ತೈದಿ ಕೊರಳಿನ ಪುತಳಿ ಇಡೋದು ಅವರ ಮನಿ ಪದ್ಧತಿ. ನನ್ನವು ನಡಿಯಂಗಿಲ್ಲ, ನಿಂದು ಕೊಡು ಅಂತ ಇಸ್ಕೊಂಡು ಹೋಗಿದ್ರು.”

ಅವತ್ತೇ ಅವಳಿಗೆ ಸೋಜಿಗವಾಗಿತ್ತು. ಊರಿಗೆ ಸೊಪ್ಪು ಹಾಕದ ಹೆಂಗಸಿಗೆ ಈ ಮುತ್ತೈದೆ, ರಂಡೆಯ ಲೆಕ್ಕ ಯಾಕೆ ನೆನಪಾಯಿತು ಎಂದು. ಮಗುವಿನ ವಿಷಯ, ಹಿರಿಯರಿಗೆ ಅಂಜಿಕೆ ಇರುತ್ತದೆ ಎಂದು ತಾನೇ ಸಮಾಧಾನ ಹೇಳಿಕೊಂಡು ಕೊಟ್ಟಿದ್ದಳು.

“ಯಾರು ಇಸ್ಕೊಂಡು ಹೋಗಿದ್ದು?” ಎಂದರು ಬಾಳಾಸಾಬರು.

ತಾರವ್ವ ತಿರುಗಿ ನಿಂತಳು.

“ಅವ್ವಾರ, ನೀವಽ ಹೇಳ್ರಿ. ನೀವು ನಮ್ಮ ಕಟ್ಟೀ ಮ್ಯಾಲೆ ಕುಂತು ಚಹಾ ಕುಡದು ಇಸ್ಕೊಂಡು ಹೋದ್ರಿ. ಮನ್ಯಾಗ ಅದನ್ನ ಯಾರ ಕೈಗೆ ಕೊಟ್ರಿ, ಅಷ್ಟು ಹೇಳ್ರಿ. ಅವನ ಹೆಸರು ಸಿಕ್ಕರ ನಿಮ್ಮ ಪುತಳಿ ತಿರುಗಿ ಬರ್ತಾವ, ನನ್ನ ಹೆಸರೂ ತಿರುಗಿ ಬರ್ತೈತಿ.”

ಗೌರಾಬಾಯಿ ಮೇಜಿನ ಮೇಲಿನ ಆ ಒಂದು ಪುತಳಿಯನ್ನು ನೋಡಿದಳು. ಆಮೇಲೆ ಅವಳ ಕಣ್ಣು ಮೆಲ್ಲಗೆ ಬಾಗಿಲಿಗೆ ಹೋಯಿತು.

ಬಾಗಿಲಲ್ಲಿ ಬಾಬಾಸಾಹೇಬನ ಬೆರಳಿನ ಕೀಲಿ ನಿಂತುಹೋಗಿತ್ತು. ಅವನ ಮುಖ ಸುಣ್ಣದ ಗೋಡೆಯಾಗಿತ್ತು. “ದೊಡ್ಡವ್ವಾ,” ಎಂದ, ಮೆಲ್ಲಗೆ. ಸಣ್ಣವನಿದ್ದಾಗ ಬಿದ್ದು ಬಂದು ಅವಳ ಸೆರಗು ಹಿಡಿಯುತ್ತಿದ್ದಾಗಲೂ ಹಾಗೇ ಕರೆಯುತ್ತಿದ್ದನೇನೋ. ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ.

ಗೌರಾಬಾಯಿಯ ಕೈ ಸರವಿಲ್ಲದ ಕೊರಳಿಗೆ ಹೋಗಿ, ಅಲ್ಲೇನೂ ಸಿಗದೆ ಕೆಳಗಿಳಿಯಿತು. ಅವಳು ಕುರ್ಚಿಯಲ್ಲಿ ಕುಳಿತಳು. ಮೂವತ್ತೆಂಟು ವರ್ಷ ಎತ್ತಿದ್ದ ಗದ್ದ ಕೆಳಗೆ ಬಂತು.

“ನಾ ಇಸ್ಕೊಂಡಿಲ್ಲ,” ಎಂದಳು ನೆಲಕ್ಕೆ. “ಈಕಿ ಪುತಳಿ ನಮ್ಮ ಮನಿ ಹೊಸ್ತಲಾ ದಾಟಿಲ್ಲ.”

ತಾರವ್ವನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಪೊಲೀಸರ ಬೈಗುಳಕ್ಕೆ ಬಾರದ ನೋವು, ಊರಿನ ಪಿಸುಮಾತಿಗೆ ಬಾರದ ನೋವು ಈಗ ಬಂತು. ಈ ಮುದುಕಿಯ ಮಾತು ನಿಜವೆಂದು ಸಾಧಿಸಲು ಬಿಡುಗಡೆಯ ಕಾಗದವನ್ನೇ ದೂಡಿದ್ದಳಲ್ಲ!

ಬಾಳಾಸಾಬರು ಆ ಹಳೆಯ ಕಾಗದವನ್ನು ನಾಲ್ಕಾಗಿ ಹರಿದರು. ಹೊಸ ಹಾಳೆ ತೆಗೆದು, ನಾಲ್ಕು ಸಾಲು ಗೀಚಿ ಮುಂದಿಟ್ಟರು.

“ಸರ ನಿನ್ನ ಕೈಗೆ ಬರೂಕಿಂತ ಮೊದಲ ಬದಲಾಗಿರಬಹುದು ತಾರವ್ವ. ಅಚ್ಚು ಕೊಟ್ಟಾಕಿ ನೀನು. ಒಪ್ಪಿದೆ ಅಂತ ಸಹಿ ಮಾಡು.”

“ಅದಕ್ಕೂ ಮಾಡಲಿಲ್ಲ, ಇದಕ್ಕೂ ಮಾಡಂಗಿಲ್ಲ.” ತಾರವ್ವ ಎರಡೂ ಕೈಗಳನ್ನು ಜೋಡಿಸಿ ಮುಂದೆ ಚಾಚಿದಳು. “ಬೇಡಿ ತರ್ರಿ. ನಾ ಓಡಿಹೋಗಂಗಿಲ್ಲ. ಆದ್ರ ಅವ್ವಾರ, ಮಾರಿ ಎತ್ರಿ. ನನ್ನ ಕಣ್ಣಾಗ ಕಣ್ಣಿಟ್ಟು ಇನ್ನೊಮ್ಮೆ ಅದಽ ಮಾತು ಹೇಳ್ರಿ.”

ಗೌರಾಬಾಯಿ ನೆಲದಿಂದ ಕಣ್ಣು ಎತ್ತಲಿಲ್ಲ. ಬಾಗಿಲಲ್ಲಿ ಜೀಪಿನ ಕೀಲಿ ಮತ್ತೆ ತಿರುಗತೊಡಗಿತು.